ಕೂದಲು ಕಟ್ಟಿದ ಗೂಡು

2024ರ ರಮಝಾನ್‌ನ ಎರಡನೇ ವಾರ ಮೈಸೂರಿನ ಗೋಕುಲಂನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಇಫ್ತಾರ್ ಮುಗಿದು ಗಂಡಸರೆಲ್ಲ ತರಾವೀಹ್‌ಗೆಂದು ಮಸೀದಿಗೆ ಹೊರಟ ಮೇಲೆ ನಾವು ಹೆಂಗಸರು ಹಾಲ್‌ನಲ್ಲಿ ಚಾಪೆ ಹಾಸಿ ನಮಾಝ್‌ಗೆ ನಿಂತೆವು. ನನ್ನ ಪಕ್ಕದಲ್ಲಿ ತಂಗಿಯ ಮಗಳು, ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿ. ಸುಜೂದ್‌ನಿಂದ ಎದ್ದು ಕೂರುವಾಗಲೆಲ್ಲ ಅವಳ ಉಸಿರು ಸಿಕ್ಕಿಕೊಂಡ ಹಾಗೆ ಕೇಳುತ್ತಿತ್ತು. ಕೊನೆಕೊನೆಗೆ ಅವಳು ಸರಿಯಾಗಿ ಕೂರಲೇ ಇಲ್ಲ. ಒಂದು ತೊಡೆಯ ಮೇಲೆ ಭಾರ ಹಾಕಿ ಓರೆಯಾಗಿ ಒರಗಿದಳು. ಸಲಾಮ್ ಹೇಳಿ ತಿರುಗಿದಾಗ ಅವಳ ಕಣ್ಣಲ್ಲಿ ನೀರಿತ್ತು.

ಕೋಣೆಗೆ ಕರೆದುಕೊಂಡು ಹೋಗಿ ಕೇಳಿದೆ. ಮೊದಲು ಏನೂ ಇಲ್ಲ ಎಂದಳು. ನಾನು ಬಿಡಲಿಲ್ಲ.

"ಬಡೀ ಖಾಲಾ, ಅಮ್ಮಿಗೆ ಮಾತ್ರ ಹೇಳಬೇಡಿ. ಮತ್ತೆ ಬಂದಿದೆ."

ಮತ್ತೆ ಬಂದದ್ದು ಏನೆಂದು ನನಗೆ ತಿಳಿದಿತ್ತು. 2022ರಲ್ಲಿ, ಅವಳು ದ್ವಿತೀಯ ಪಿ.ಯು.ಸಿ.ಯಲ್ಲಿದ್ದಾಗ, ಬೆನ್ನುಮೂಳೆಯ ತುದಿಯಲ್ಲಿ, ಎರಡು ಕುಂಡಿಗಳ ನಡುವಿನ ಸಂದಿನ ಮೇಲ್ಭಾಗದಲ್ಲಿ ಒಂದು ಕುರು ಎದ್ದಿತ್ತು. ತಂಗಿ ಅದನ್ನು ಮೂಲವ್ಯಾಧಿ ಎಂದುಕೊಂಡಳು. ಕೋಳಿ, ಮೊಟ್ಟೆ, ಬದನೆಕಾಯಿ ಎಲ್ಲ ನಿಂತಿತು. ಮಜ್ಜಿಗೆ ಶುರುವಾಯಿತು. ಹದಿನೈದು ದಿನ ಹುಡುಗಿ ಬೋರಲು ಮಲಗಿದಳು, ಜ್ವರವೂ ಬಂತು. ಕೊನೆಗೆ ಒಂದು ನರ್ಸಿಂಗ್ ಹೋಮ್‌ನಲ್ಲಿ ಕುರು ಕೊಯ್ದು ಕೀವು ತೆಗೆದರು. ನಾಲ್ಕು ತಿಂಗಳಿಗೆ ಮರಳಿ ಬಂತು. ಈ ಬಾರಿ ದೊಡ್ಡ ಆಪರೇಷನ್. ಸುತ್ತಲಿನ ಮಾಂಸವನ್ನೆಲ್ಲ ಕತ್ತರಿಸಿ ತೆಗೆದು, ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟರು. ಎರಡು ತಿಂಗಳಿಗೂ ಹೆಚ್ಚು ಕಾಲ ದಿನಾ ಡ್ರೆಸ್ಸಿಂಗ್. ಆಗ ಗಾಯದೊಳಗೆ ಗಾಜ್ ಬಟ್ಟೆ ತುಂಬುವಾಗ ಅವಳು ನನ್ನ ಕೈ ಹಿಡಿದು ಅತ್ತದ್ದು ನನಗಿನ್ನೂ ನೆನಪಿದೆ. ಅದು ವಾಸಿಯಾದ ದಿನ ತಂಗಿ ಶುಕ್ರಾನದ ನಮಾಝ್ ಮಾಡಿ ಬಡವರಿಗೆ ಅನ್ನ ಹಾಕಿಸಿದ್ದಳು.

ಹಾಗಾಗಿ ಮೂರನೆಯ ಸಲ ಬಂದದ್ದನ್ನು ಹೇಳಲು ಹುಡುಗಿಗೆ ಬಾಯಿ ಬರಲಿಲ್ಲ. ಮೂರು ತಿಂಗಳಿಂದ ಕೀವು ಸೋರುತ್ತಿತ್ತು. ಬಟ್ಟೆಗೆ ಕಲೆಯಾಗದಂತೆ ಹಿಂದುಗಡೆಗೆ ಪ್ಯಾಡ್ ಇಟ್ಟುಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ಪ್ಯಾಡ್ ಬೇಗ ಮುಗಿಯುವುದನ್ನು ಕಂಡ ತಂಗಿ, ಮುಟ್ಟು ಹೆಚ್ಚು ಹೋಗುತ್ತಿದೆ ಎಂದುಕೊಂಡು ಬೀಟ್‌ರೂಟ್ ಪಲ್ಯ ಮಾಡಿ ಹಾಕುತ್ತಿದ್ದಳಂತೆ! ಇದರ ನಡುವೆ ವುಝೂವಿನ ಸಂಶಯ ಬೇರೆ. ಕೀವು ಬಂದಿತೋ ಏನೋ ಎಂದು ಒಂದು ನಮಾಝ್‌ಗೆ ಮೂರು ಮೂರು ಸಲ ವುಝೂ ಮಾಡುತ್ತಿದ್ದಳು. ಚನ್ನಪಟ್ಟಣದ ಕಡೆಯಿಂದ ಬಂದಿದ್ದ ಒಳ್ಳೆಯ ಸಂಬಂಧವನ್ನು ಓದಬೇಕು ಎಂಬ ನೆಪ ಹೇಳಿ ಬೇಡವೆಂದಿದ್ದಳು. ನಿಜವಾದ ಕಾರಣ ಆ ರಾತ್ರಿ ಹೇಳಿದಳು. "ಇದನ್ನು ಇಟ್ಟುಕೊಂಡು ಯಾರ ಮನೆಗೆ ಹೋಗಲಿ ಖಾಲಾ?"

ತಂಗಿಯ ಮನೆಯಿರುವ ಬೀದಿಯಲ್ಲಿ ಬೆಳಿಗ್ಗೆ ಎದ್ದರೆ ಸುತ್ತಿದ ಚಾಪೆ ಹೆಗಲಿಗೇರಿಸಿಕೊಂಡ ವಿದೇಶಿಯರು ಸಾಲುಸಾಲಾಗಿ ಹೋಗುತ್ತಾರೆ. ಲಕ್ಷ್ಮೀಪುರಂನಲ್ಲಿದ್ದ ಪಟ್ಟಾಭಿ ಜೋಯಿಸರ ಯೋಗಶಾಲೆ 2002ರಲ್ಲಿ ಗೋಕುಲಂಗೆ ಬಂದ ಮೇಲೆ ಈ ಬಡಾವಣೆಯ ಚಹರೆಯೇ ಬದಲಾಯಿತು. ಗಂಟೆಗಟ್ಟಲೆ ನೆಲದ ಮೇಲೆ ಕೂರುವುದನ್ನು ಕಲಿಯಲು ಜನ ಸಮುದ್ರ ದಾಟಿ ಬರುವ ಬೀದಿಯಲ್ಲಿ ನಮ್ಮ ಹುಡುಗಿಗೆ ಕಾಲು ಗಂಟೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ.

ಅಮ್ಮಿಗೆ ಹೇಳಬೇಡಿ ಎಂಬ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ. ಸಹರಿಗೆ ಎದ್ದಾಗ ತಂಗಿಗೆ ಹೇಳಿಬಿಟ್ಟೆ. ಈದ್ ಮುಗಿದ ಮರುವಾರ ಮೂವರೂ ಬೇರೊಬ್ಬ ಸರ್ಜನ್‌ರ ಬಳಿಗೆ ಹೋದೆವು. ಹೆಂಗಸು, ಐವತ್ತರ ಆಸುಪಾಸಿನವರು. ಪರೀಕ್ಷಿಸಿ ಕೈ ತೊಳೆದುಕೊಂಡು ಬಂದು ಅವರು ಕೇಳಿದ ಮೊದಲ ಪ್ರಶ್ನೆ: "ಇಷ್ಟು ದಿನ ಅಲ್ಲಿನ ಕೂದಲಿಗೆ ಏನು ಮಾಡುತ್ತಿದ್ದಿರಿ?"

ನಾವು ಮುಖ ಮುಖ ನೋಡಿಕೊಂಡೆವು. ಎರಡು ಸಲ ಕೊಯ್ದರೂ, ಫೈಲಿನಲ್ಲಿ ಅಷ್ಟೊಂದು ಕಾಗದಗಳಿದ್ದರೂ, ಕೂದಲಿನ ಬಗ್ಗೆ ಒಂದು ಸಾಲು ಕೂಡ ಯಾರೂ ಬರೆದಿರಲಿಲ್ಲ, ಹೇಳಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಏಕೆಂದರೆ ಈ ಕಾಯಿಲೆಯ ಹೆಸರಿನಲ್ಲೇ ಕೂದಲಿದೆ. ಪೈಲೋನೈಡಲ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕೂದಲಿನ ಗೂಡು. 1880ರಲ್ಲಿ ಅಮೆರಿಕದ ಬೋಸ್ಟನ್‌ನ ಹಾಡ್ಜಸ್ ಎಂಬ ವೈದ್ಯರು ಇಟ್ಟ ಹೆಸರು. ಅದಕ್ಕೂ ಮೊದಲು, 1833ರಲ್ಲಿ, ಹರ್ಬರ್ಟ್ ಮೇಯೊ ಎಂಬ ಇಂಗ್ಲಿಷ್ ವೈದ್ಯರು ಕೂದಲು ತುಂಬಿದ ಇಂಥದೇ ಗಾಯದ ಬಗ್ಗೆ ಬರೆದಿದ್ದರು. ಅವರು ಕಂಡ ರೋಗಿ ಒಬ್ಬ ಹೆಂಗಸು.

ಬಹಳ ಕಾಲ ಇದು ಹುಟ್ಟಿನಿಂದಲೇ ಬರುವ ದೋಷವೆಂದು ವೈದ್ಯರು ನಂಬಿದ್ದರು. ಎರಡನೇ ಮಹಾಯುದ್ಧದಲ್ಲಿ ಜೀಪ್‌ಗಳಲ್ಲಿ ಕುಲುಕುತ್ತ ಓಡಾಡಿದ ಅಮೆರಿಕದ ಸೈನಿಕರಲ್ಲಿ ಸುಮಾರು 80 ಸಾವಿರ ಮಂದಿ ಈ ಕಾಯಿಲೆಗಾಗಿ ಆಸ್ಪತ್ರೆ ಸೇರಿದರು. ಜೀಪ್ ರೋಗ ಎಂದೇ ಆಗ ಹೆಸರಾಯಿತು. ಕ್ಷೌರಿಕರ ಬೆರಳ ಸಂದಿನಲ್ಲೂ, ಕತ್ತರಿಸಿದ ಗಿರಾಕಿಗಳ ಕೂದಲು ಚುಚ್ಚಿ ಇದೇ ಬಗೆಯ ಗೂಡು ಕಟ್ಟುವುದು ಕಂಡುಬಂತು. ಬೇರೆಯವರ ಕೂದಲು ಬೆರಳಲ್ಲಿ ಗೂಡು ಕಟ್ಟುವುದಾದರೆ ಹುಟ್ಟಿನ ದೋಷ ಎನ್ನುವುದು ಹೇಗೆ? ಬಿಡಿ ಕೂದಲು ಹೊರಗಿನಿಂದ ಚರ್ಮವನ್ನು ಚುಚ್ಚಿ ಒಳಗೆ ಹೋಗುತ್ತದೆ ಎಂಬುದು ಹೀಗೆ ನಿಧಾನವಾಗಿ ಬೆಳಕಿಗೆ ಬಂತು.

ಸರ್ಜನ್ ಮೇಡಂ ಅದನ್ನು ನಮಗೆ ಸರಳವಾಗಿ ವಿವರಿಸಿದರು. ಕೂದಲಿನ ಮೈಮೇಲೆ ಮೀನಿನ ಹಾಗೆ ಕಣ್ಣಿಗೆ ಕಾಣದ ಹುರುಪೆಗಳಿವೆ, ಎಲ್ಲವೂ ಒಂದೇ ದಿಕ್ಕಿಗೆ. ಮೈದಾನದಲ್ಲಿ ನಡೆದಾಗ ಸೀರೆಯ ಅಂಚಿಗೆ ಹತ್ತಿದ ಹುಲ್ಲಿನ ಮುಳ್ಳು ಹೆಜ್ಜೆ ಹಾಕಿದಷ್ಟೂ ಒಳಕ್ಕೇ ಸರಿಯುತ್ತದಲ್ಲ, ಹಾಗೆ. ಕೂತು ಎದ್ದು ನಡೆಯುವಾಗ ಆ ಸಂದಿನಲ್ಲಿ ಉಜ್ಜಾಟವಿರುತ್ತದೆ, ಬೆವರಿರುತ್ತದೆ. ಬಿದ್ದ ಕೂದಲೊಂದು ಚರ್ಮದ ಸಣ್ಣ ರಂಧ್ರಕ್ಕೆ ಸಿಕ್ಕಿದರೆ ಒಳಗೇ ಹೋಗುತ್ತದೆ, ಹೊರಗೆ ಬರುವುದಿಲ್ಲ. ಅದರ ಹಿಂದೆ ಇನ್ನೊಂದು. ದೇಹ ಅದನ್ನು ಪರಕೀಯವೆಂದು ಹೊರದೂಡಲು ಹೋಗಿ ಕೀವು ಕಟ್ಟುತ್ತದೆ. ಸೋರಲು ದಾರಿಯೊಂದನ್ನು ಕೊರೆದುಕೊಳ್ಳುತ್ತದೆ. ಹದಿನೈದರಿಂದ ಮೂವತ್ತು ವರ್ಷದವರೆಗಿನವರಿಗೆ ಹೆಚ್ಚು. ಹುಡುಗರಿಗೆ ಇನ್ನೂ ಹೆಚ್ಚು. ಮೈಮೇಲೆ ಕೂದಲು ದಟ್ಟವಾಗಿರುವವರು, ತೂಕ ಹೆಚ್ಚಿರುವವರು, ದಿನವಿಡೀ ಕೂತು ಕೆಲಸ ಮಾಡುವವರು ಇದಕ್ಕೆ ಸಿಕ್ಕಿಬೀಳುವುದು ಸುಲಭ.

"ನಮ್ಮ ಮಗಳು ಕೊಳಕಿಯಲ್ಲ ಮೇಡಂ, ದಿನಾ ಎರಡು ಸಲ ಸ್ನಾನ ಮಾಡುತ್ತಾಳೆ" ಎಂದಳು ತಂಗಿ.

"ಕೊಳಕಿಯೆಂದು ಯಾರು ಹೇಳಿದರು? ಇದು ಕೊಳೆಯಿಂದ ಬಂದದ್ದಲ್ಲ, ಮೂಲವ್ಯಾಧಿಯೂ ಅಲ್ಲ. ಮೂಳೆಗೂ ಗರ್ಭಕೋಶಕ್ಕೂ ಸಂಬಂಧವೇ ಇಲ್ಲ. ಮದುವೆಗೂ ಮಕ್ಕಳಾಗುವುದಕ್ಕೂ ಇದರಿಂದ ಅಡ್ಡಿಯಿಲ್ಲ" ಎಂದು ಅವರು ಹೇಳಿದಾಗ ಹುಡುಗಿ ತಲೆ ತಗ್ಗಿಸಿಕೊಂಡೇ ನನ್ನ ಬುರ್ಖಾದ ತುದಿ ಹಿಡಿದುಕೊಂಡಳು.

ಆಮೇಲೆ ಅವರು ಹೇಳಿದ್ದು: ಈಗಿರುವ ಕೀವನ್ನು ಮೊದಲು ತೆಗೆಯಬೇಕು, ಸಣ್ಣ ರಂಧ್ರಗಳನ್ನು ಅಷ್ಟಕ್ಕೇ ಕೊಯ್ದು ಒಳಗಿನ ಕೂದಲನ್ನು ಸ್ವಚ್ಛ ಮಾಡಬೇಕು. ದೊಡ್ಡ ಆಪರೇಷನ್ ಈಗ ಬೇಡ. ಮುಂದೆ ಬೇಕಾದರೂ ಹೊಲಿಗೆ ಸಂದಿನ ನಡುಗೆರೆಯಲ್ಲಿ ಬೀಳದೆ ಪಕ್ಕಕ್ಕೆ ಬರುವಂತೆ ಮಾಡುವ ವಿಧಾನಗಳಿವೆ, ಅದರಲ್ಲಿ ಮರಳಿ ಬರುವುದು ಕಡಿಮೆ. ಗಾಯ ಒಣಗಿದ ಮೇಲೆ ಚರ್ಮದ ವೈದ್ಯರಲ್ಲಿ ಲೇಸರ್‌ನಿಂದ ಆ ಜಾಗದ ಕೂದಲು ತೆಗೆಸಿ.

ಲೇಸರ್ ಎಂದ ತಕ್ಷಣ ತಂಗಿ ಚುರುಕಾದಳು. ದಾರಿಯಲ್ಲಿ ಬೋರ್ಡ್ ನೋಡಿದ್ದಳು, ಪೈಲ್ಸ್, ಫಿಸ್ಟುಲಾ, ಪೈಲೋನೈಡಲ್ ಎಲ್ಲಕ್ಕೂ ಲೇಸರ್, ಅದೇ ದಿನ ಮನೆಗೆ. ಅಲ್ಲೇ ಹೋಗೋಣ ಎಂದಳು. ಇಲ್ಲೊಂದು ಗೊಂದಲವಿದೆ, ಸಹೋದರಿಯರು ಗಮನವಿಟ್ಟು ಓದಬೇಕು. ಲೇಸರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಚಿಕಿತ್ಸೆಗಳಿವೆ. ಬೋರ್ಡ್‌ಗಳಲ್ಲಿ ಬರೆದಿರುವುದು ಸಾಮಾನ್ಯವಾಗಿ ಸರ್ಜನ್ ಮಾಡುವ ಲೇಸರ್. ತೆಳುವಾದ ತಂತಿಯಂಥದ್ದನ್ನು ಕೀವಿನ ದಾರಿಯೊಳಗೆ ಇಳಿಸಿ ಅದನ್ನು ಒಳಗಿನಿಂದ ಸುಟ್ಟು ಮುಚ್ಚುವುದು. ಅದೂ ಒಂದು ಶಸ್ತ್ರಚಿಕಿತ್ಸೆಯೇ. ಅದರಿಂದ ಸುತ್ತಲಿನ ಚರ್ಮದ ಮೇಲಿನ ಕೂದಲು ಹೋಗುವುದಿಲ್ಲ. ನಮ್ಮ ಮೇಡಂ ಹೇಳಿದ್ದು ಇನ್ನೊಂದು, ಚರ್ಮದ ಮೇಲಿನಿಂದ ಬೆಳಕು ಹಾಯಿಸಿ ಕೂದಲಿನ ಬೇರನ್ನು ಸುಡುವುದು. ಮುಖದ ಕೂದಲು ತೆಗೆಸಲು ಹುಡುಗಿಯರು ಹೋಗುವುದು ಇದಕ್ಕೇ. ಮೊದಲನೆಯದು ಈಗಿರುವ ಗಾಯಕ್ಕೆ, ಎರಡನೆಯದು ಮುಂದೆ ಬಾರದಿರಲಿಕ್ಕೆ. ಹಣ ಕಟ್ಟುವ ಮೊದಲು ಯಾವುದು ಎಂದು ಬಾಯಿಬಿಟ್ಟು ಕೇಳಿ.

ಕೆಲಸ ಮಾಡುವ ರೀತಿ ಹೀಗೆ. ಬೆಳಕನ್ನು ಕಪ್ಪು ಬಣ್ಣ ಹೀರುತ್ತದೆ. ಕೂದಲಿನ ಕಪ್ಪು ಆ ಬೆಳಕನ್ನು ಹೀರಿ ಕಾದು, ಶಾಖ ಬೇರಿಗೆ ಇಳಿದು, ಬೇರು ಸಾಯುತ್ತದೆ. ಸುತ್ತಲಿನ ಚರ್ಮಕ್ಕೆ ಏಟಾಗದೆ ಬೇಕಾದುದನ್ನು ಮಾತ್ರ ಕಾಯಿಸುವ ಈ ತತ್ವವನ್ನು 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಅಮೆರಿಕದ ವೈದ್ಯರು ಮುಂದಿಟ್ಟರು. ಆದರೆ ನಮ್ಮ ಚರ್ಮವೂ ಕಪ್ಪೇ ಅಲ್ಲವೇ? ಚರ್ಮದ ಬಣ್ಣವೂ ಬೆಳಕು ಹೀರಿದರೆ ಸುಟ್ಟ ಗಾಯ, ಕಲೆ. ಹಾಗಾಗಿ ಬಿಳಿಯರಿಗೆ ಹೊಂದುವ ಎಲ್ಲ ಯಂತ್ರಗಳೂ ನಮಗೆ ಹೊಂದುವುದಿಲ್ಲ. ಎನ್‌ಡಿ ಯಾಗ್ ಎಂಬ 1064 ನ್ಯಾನೊಮೀಟರಿನ ಲೇಸರ್ ಚರ್ಮದ ಬಣ್ಣವನ್ನು ಅಷ್ಟಾಗಿ ಮುಟ್ಟದೆ ಆಳಕ್ಕಿಳಿಯುವುದರಿಂದ ಕಪ್ಪು ಚರ್ಮದವರಿಗೆ ಹೆಚ್ಚು ಸುರಕ್ಷಿತ. ಡಯೋಡ್ ಲೇಸರನ್ನೂ ಬಳಸುತ್ತಾರೆ, ಅದನ್ನು ನಡೆಸುವವರು ನಮ್ಮ ಬಣ್ಣಕ್ಕೆ ತಕ್ಕಂತೆ ಶಕ್ತಿಯನ್ನು ಹೊಂದಿಸಬಲ್ಲವರಾಗಿರಬೇಕು. ನೆರೆತ ಬಿಳಿ ಕೂದಲಿಗೆ ಯಾವ ಲೇಸರೂ ನಾಟುವುದಿಲ್ಲ.

ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ? 2002ರಷ್ಟು ಹಿಂದೆಯೇ ಬ್ರಿಟನ್ನಿನ ವೈದ್ಯರು ಕೆಲವೇ ರೋಗಿಗಳಲ್ಲಿ ಇದನ್ನು ಮಾಡಿ ಗಾಯ ಬೇಗ ಮಾಗಿದ್ದನ್ನು ವರದಿ ಮಾಡಿದ್ದರು. ಸರಿಯಾದ ಹೋಲಿಕೆ ನಡೆದದ್ದು ಬಹಳ ತಡವಾಗಿ. ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್‌ನ ಮಕ್ಕಳ ಆಸ್ಪತ್ರೆಯಲ್ಲಿ 2017ರಿಂದ 2022ರವರೆಗೆ 11ರಿಂದ 21 ವರ್ಷದ 302 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ವಚ್ಛತೆಯ ಜೊತೆ ಕ್ರೀಮ್‌ನಿಂದಲೋ ಬೋಳಿಸಿಯೋ ಕೂದಲು ತೆಗೆಯುವುದು. ಇನ್ನೊಂದಕ್ಕೆ ಇವೆಲ್ಲದರ ಜೊತೆ ಲೇಸರ್. ಒಂದು ವರ್ಷದಲ್ಲಿ ಕಾಯಿಲೆ ಮರಳಿದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 33.6, ಲೇಸರ್ ಗುಂಪಿನಲ್ಲಿ ನೂರಕ್ಕೆ 10.4. 2023ರ ಕೊನೆಯಲ್ಲಿ ಇದು ಪ್ರಕಟವಾಯಿತು. ಪೂರ್ತಿ ಗೆದ್ದೆವೆಂದು ಹೇಳುವಂತಿಲ್ಲ. ಒಂದೇ ಆಸ್ಪತ್ರೆ, ಒಂದೇ ವರ್ಷದ ಲೆಕ್ಕ, ರೋಗಿಗಳಲ್ಲಿ ಬಹುಪಾಲು ಬಿಳಿಯರು. ಆದರೂ ಮೂವರಲ್ಲಿ ಒಬ್ಬರಿಗೆ ಮರಳುತ್ತಿದ್ದುದು ಹತ್ತರಲ್ಲಿ ಒಬ್ಬರಿಗೆ ಇಳಿದದ್ದು ಸಣ್ಣ ಮಾತಲ್ಲ.

ಹಾಗಾದರೆ ಮನೆಯಲ್ಲೇ ಬ್ಲೇಡಿನಿಂದ ಬೋಳಿಸಿದರಾಯಿತಲ್ಲ ಎಂದು ನಾನೂ ಕೇಳಿದ್ದೆ. ಜರ್ಮನಿಯ ಸೇನಾ ಆಸ್ಪತ್ರೆಗಳಲ್ಲಿ ಆಪರೇಷನ್ ಆದವರನ್ನು ವಿಚಾರಿಸಿ 2009ರಲ್ಲಿ ಬರೆದ ಒಂದು ವರದಿಯಲ್ಲಿ, ಬ್ಲೇಡಿನಿಂದ ಬೋಳಿಸಿಕೊಳ್ಳುತ್ತಿದ್ದವರಲ್ಲೇ ಕಾಯಿಲೆ ಹೆಚ್ಚು ಮರಳಿತ್ತು. ನೂರಕ್ಕೆ ಮೂವತ್ತು, ಬೋಳಿಸದವರಲ್ಲಿ ಇಪ್ಪತ್ತು. ಚೂಪಾಗಿ ತುಂಡಾದ ಕೂದಲೇ ಸೂಜಿಯಾಗುತ್ತದೆ. ಲೇಸರ್‌ಗೆ ಮೊದಲು ಹೇಗೂ ಆ ಜಾಗವನ್ನು ಬೋಳಿಸಬೇಕಾಗುತ್ತದೆ, ಆದರೆ ಆಮೇಲೆ ಚೂರುಗಳನ್ನು ಒರೆಸಿ ತೆಗೆಯುತ್ತಾರೆ.

ತಂಗಿಯ ಮನಸ್ಸಿನಲ್ಲಿ ಎರಡು ಅಳುಕು ಉಳಿದಿದ್ದವು. ಲೇಸರ್ ಅಲಂಕಾರಕ್ಕಾಗಿ ಮಾಡಿಸುವುದಲ್ಲವೇ, ಸೃಷ್ಟಿಯನ್ನು ಬದಲಿಸಿದ ಹಾಗಾಗುವುದಿಲ್ಲವೇ ಎಂಬುದು ಒಂದು. ಮಗಳ ಮರೆಮಾಚಬೇಕಾದ ಭಾಗವನ್ನು ಇನ್ನೊಬ್ಬರಿಗೆ ತೋರಿಸುವುದು ಹೇಗೆ ಎಂಬುದು ಇನ್ನೊಂದು. ಮೊಹಲ್ಲಾದ ಹಿರಿಯ ಮೌಲಾನಾರಲ್ಲಿ ನನ್ನ ಭಾವ ಹೋಗಿ ಕೇಳಿ ಬಂದರು. ಇದು ಚಿಕಿತ್ಸೆ, ಹೆಂಗಸು ವೈದ್ಯರಿದ್ದಾಗ ಅವರಲ್ಲಿ ಅಗತ್ಯವಿದ್ದಷ್ಟು ತೋರಿಸಲು ಅಡ್ಡಿಯಿಲ್ಲ ಎಂದರಂತೆ. ವುಝೂವಿನ ಸಂಶಯಕ್ಕೂ ಅವರು ಉತ್ತರ ಕೊಟ್ಟರು. ಸದಾ ಸೋರುವ ಗಾಯವಿರುವವರಿಗೆ ವಿನಾಯಿತಿಗಳಿವೆ, ಮದ್‌ಹಬ್‌ಗಳ ನಡುವೆ ಇದರಲ್ಲಿ ವ್ಯತ್ಯಾಸವೂ ಇದೆ, ಆದ್ದರಿಂದ ನೀವು ನಿಮ್ಮ ಮದ್‌ಹಬ್‌ನ ವಿದ್ವಾಂಸರನ್ನೇ ಕೇಳಿಕೊಳ್ಳಿ. ಕೂರಲಾಗದವರು ಕೂರಲಾಗುವ ಹಾಗೆ ನಮಾಝ್ ಮಾಡಬಹುದು ಎಂಬುದು ನಮಗೆಲ್ಲ ಗೊತ್ತು. ಗೊತ್ತಿದ್ದೂ ಆ ಮಗು ಮೂರು ತಿಂಗಳು ತುಟಿ ಕಚ್ಚಿಕೊಂಡು ಕೂತಿತ್ತು.

ಹೆಂಗಸು ಚರ್ಮವೈದ್ಯರನ್ನು ಹುಡುಕುವುದು ಕಷ್ಟವಾಗಲಿಲ್ಲ. ಗೋಕುಲಂನಲ್ಲಿ ಡಾಕ್ಟರ್ಸ್ ಕಾರ್ನರ್ ಎಂದೇ ಒಂದು ವೃತ್ತಕ್ಕೆ ಹೆಸರಿದೆ, ಸುತ್ತ ಚಿಕಿತ್ಸಾಲಯಗಳಿಗೆ ಬರವಿಲ್ಲ. ಕಷ್ಟವಾದದ್ದು ಹಣದ ಲೆಕ್ಕ. ಒಂದು ಸಲಕ್ಕೆ ಇಷ್ಟು ಎಂದು ಹೇಳುತ್ತಾರೆ, ಆದರೆ ಕೂದಲೆಲ್ಲ ಒಂದೇ ಸಲಕ್ಕೆ ಸಾಯುವುದಿಲ್ಲ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಲೇಸರ್ ನಾಟುತ್ತದೆ, ಉಳಿದವು ನಿದ್ದೆಯಲ್ಲಿರುತ್ತವೆ. ಅವು ಏಳುವವರೆಗೆ ಕಾದು ಮತ್ತೆ ಹೋಗಬೇಕು. ಅವಳಿಗೆ ಆರು ವಾರಕ್ಕೊಮ್ಮೆಯಂತೆ ಆರು ಸಲ ಎಂದರು. ನಡುವೆ ಒಬ್ಬ ನೆಂಟಳು ಪಾರ್ಲರ್‌ನಲ್ಲಿ ಅರ್ಧ ದುಡ್ಡಿಗೆ ಪ್ಯಾಕೇಜ್ ಇದೆಯೆಂದು ಆಸೆ ಹಚ್ಚಿದಳು. ಎರಡು ಸಲ ಕೊಯ್ದ ಚರ್ಮದ ಮೇಲೆ ಕಲಿಯುವವರ ಕೈ ಬೇಡವೆಂದು ನಾನು ಜಗಳವಾಡಿ ನಿಲ್ಲಿಸಿದೆ. ಖರ್ಚು ನಿಭಾಯಿಸಲಾಗದವರು ಕೆ.ಆರ್. ಆಸ್ಪತ್ರೆಯಂಥ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಸರ್ಜರಿ ಮತ್ತು ಚರ್ಮರೋಗ ವಿಭಾಗಗಳೆರಡನ್ನೂ ಮೊದಲು ವಿಚಾರಿಸಿ.

ಗಾಯ ಪೂರ್ತಿ ಒಣಗಿದ ಮೇಲೆ ಜೂನ್‌ನಲ್ಲಿ ಮೊದಲ ಸಲ ಹೋದೆವು. ಕಣ್ಣಿಗೆ ಕನ್ನಡಕ ಕೊಟ್ಟರು, ನನಗೂ. ಬೋರಲು ಮಲಗಿಸಿ, ಅಷ್ಟು ಜಾಗ ಬಿಟ್ಟು ಉಳಿದೆಲ್ಲ ಹೊದಿಸಿ, ತಣ್ಣಗಿನ ಜೆಲ್ ಹಚ್ಚಿದರು. ಸೊಂಟದ ಕೆಳಭಾಗದಿಂದ ಸಂದಿನುದ್ದಕ್ಕೂ ಎರಡೂ ಬದಿಗೆ ಬೆಳಕು ಹಾಯಿಸಿದರು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಎನ್ನುತ್ತದೆ ಎಂದಳು ಅವಳು. ಕೋಣೆಯಲ್ಲಿ ಕೂದಲು ಸುಟ್ಟ ವಾಸನೆ. ಹದಿನೈದು ನಿಮಿಷಕ್ಕೆ ಮುಗಿಯಿತು. ಡ್ರೆಸ್ಸಿಂಗ್‌ನ ನೋವು ಕಂಡವಳಿಗೆ ಇದು ಏನೂ ಅನಿಸಲಿಲ್ಲ. ಎರಡು ದಿನ ಕೆಂಪಗಿತ್ತು. ಮೂರನೆಯ ಸಲ ಒಂದು ಬದಿ ಸ್ವಲ್ಪ ಕಪ್ಪಗಾಯಿತು. ವೈದ್ಯರು ಮುಂದಿನ ಸಲ ಶಕ್ತಿ ಇಳಿಸಿದರು, ತಿಂಗಳೆರಡರಲ್ಲಿ ಬಣ್ಣ ತಿಳಿಯಾಯಿತು. ನಡುವೆ ವ್ಯಾಕ್ಸ್ ಮಾಡಬಾರದು, ಕಿತ್ತು ತೆಗೆಯಬಾರದು, ಬೇರು ಇಲ್ಲದಿದ್ದರೆ ಲೇಸರ್‌ಗೆ ಸುಡಲು ಏನೂ ಇರುವುದಿಲ್ಲ. ಮೊಡವೆಗೋ ಇನ್ಯಾವುದಕ್ಕೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು, ಕೆಲವು ಮಾತ್ರೆಗಳು ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುತ್ತವೆ. ಬಸುರಿಯರಿಗೆ ಸಾಮಾನ್ಯವಾಗಿ ಮುಂದೂಡುತ್ತಾರೆ. ಕೀವು ತುಂಬಿ ಕೆಂಪಗೆ ಊದಿರುವಾಗ, ಜ್ವರವಿರುವಾಗ ಲೇಸರ್‌ನ ಮಾತೇ ಇಲ್ಲ. ಅಂಥ ಹೊತ್ತಿನಲ್ಲಿ ನೇರವಾಗಿ ಸರ್ಜನ್ ಬಳಿಗೇ ಹೋಗಬೇಕು.

ಇನ್ನೊಂದು ವಿಷಯ ಹುಡುಗರ ತಾಯಂದಿರಿಗೆ. 2018ರಲ್ಲಿ ಜರ್ಮನಿಯ ವೈದ್ಯರು ಈ ಗೂಡುಗಳಿಂದ ತೆಗೆದ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ವರದಿ ಬರೆದರು. ಅವುಗಳಲ್ಲಿ ಬಹಳಷ್ಟು ಬೇರಿಲ್ಲದ, ಚೂಪಾಗಿ ಕತ್ತರಿಸಿದ, ಗಿಡ್ಡ ತುಂಡುಗಳು. ತಲೆಯ ಕೂದಲು! ಕ್ಷೌರದಂಗಡಿಯಲ್ಲಿ ಕತ್ತರಿಸಿದ ಚೂರು ಕುತ್ತಿಗೆಯಿಂದ ಬೆನ್ನಿನುದ್ದಕ್ಕೂ ಜಾರಿ ಆ ಸಂದಿಗೆ ಇಳಿಯುತ್ತದೆ ಎಂಬುದು ಅವರ ಊಹೆ. ಸಂದಿನ ಕೂದಲನ್ನು ಲೇಸರ್‌ನಿಂದ ತೆಗೆಸಿದರೂ ತಲೆಯ ಕೂದಲು ತಲೆಯಲ್ಲೇ ಇರುತ್ತದಲ್ಲ. ಉದ್ದ ಜಡೆಯ ನಮ್ಮ ಹುಡುಗಿಗೂ ಸರ್ಜನ್ ಮೇಡಂ ಹೇಳಿದ್ದು ಇದನ್ನೇ. ತಲೆ ಬಾಚಿದ ಮೇಲೆ ಬೆನ್ನು ಕೊಡವಿಕೊಳ್ಳಬೇಕು, ತಲೆಗೆ ಸ್ನಾನ ಮಾಡಿದ ದಿನ ಕೊನೆಗೆ ಆ ಜಾಗಕ್ಕೆ ಚೆನ್ನಾಗಿ ನೀರು ಹಾಕಿ, ಒರೆಸಿ ಒಣಗಿಸಬೇಕು.

ಆರನೆಯ ಸಲ ಮುಗಿದದ್ದು 2025ರ ಜನವರಿಯಲ್ಲಿ. ಮಾರ್ಚ್‌ನಲ್ಲಿ ರಮಝಾನ್ ಬಂತು. ನಾನು ಮತ್ತೆ ಗೋಕುಲಂಗೆ ಹೋದೆ. ತರಾವೀಹ್‌ನಲ್ಲಿ ಅವಳು ಇಪ್ಪತ್ತು ರಕಅತ್ ಪೂರ್ತಿ ಮಾಡಿದಳು, ನನಗೇ ಮಂಡಿ ನೋವಾಗಿ ನಡುವೆ ಕುರ್ಚಿ ಎಳೆದುಕೊಳ್ಳಬೇಕಾಯಿತು. ಅಲ್‌ಹಮ್ದುಲಿಲ್ಲಾಹ್, ಅಲ್ಲಿಯವರೆಗೆ ಕೀವಿನ ಸುಳಿವಿರಲಿಲ್ಲ. ಮರಳಿ ಬರುವುದೇ ಇಲ್ಲ ಎಂದು ವೈದ್ಯರು ಮಾತು ಕೊಟ್ಟಿಲ್ಲ. ಕೂದಲು ತೆಳ್ಳಗೆ ಮತ್ತೆ ಹುಟ್ಟಿದರೆ ವರ್ಷಕ್ಕೊಂದು ಸಲ ಬಂದು ಹೋಗಿ ಎಂದಿದ್ದಾರೆ.

ಈದ್‌ನ ಹಿಂದಿನ ಸಂಜೆ ಅವಳ ತಮ್ಮ ಹೊಸ ಕಟಿಂಗ್ ಮಾಡಿಸಿಕೊಂಡು ಮನೆಗೆ ಬಂದ. ಕಾಲರ್ ತುಂಬ ಕೂದಲ ಚೂರು. ಬಂದವನೇ ಸೋಫಾದ ಮೇಲೆ ಕೂರಲು ಹೋದ. ಅಡುಗೆಮನೆಯಲ್ಲಿ ಶೀರ್ ಖುರ್ಮಾಕ್ಕೆ ಖರ್ಜೂರ ಹೆಚ್ಚುತ್ತಿದ್ದ ಅವಳು ಚಾಕು ಹಿಡಿದುಕೊಂಡೇ ಹೊರಗೆ ಬಂದಳು.

"ಕೂತೀಯೆ? ಮೊದಲು ಬಾತ್‌ರೂಮಿಗೆ ನಡಿ!"